ಹಳೇ ದಫ್ತರದಲ್ಲಿ ನಮ್ಮ ಮಂದಿ: ಕಲಬುರಗಿ, ಬೀದರ್, ಯಾದಗಿರಿಯ ಬುಡಕಟ್ಟು ದಾಖಲೆ ಹುಡುಕುವ ದಾರಿ

ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾದಲ್ಲಿ ಹಿರಿಯರೊಬ್ಬರು ನನ್ನ ಕೈಗೆ ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟರು. ಒಳಗೆ ಮಡಿಕೆಯಲ್ಲಿ ಹರಿದ ಒಂದು ಉರ್ದು ಕಾಗದ. "ಇದರಾಗ ಏನದ ಅಂತ ಯಾರಿಗೂ ಗೊತ್ತಿಲ್ರಿ ಸರ. ಆದ್ರ ಒಗಿಬ್ಯಾಡ ಅಂದಿದ್ದ ನಮ್ಮಪ್ಪ" ಎಂದರು. ಉರ್ದು ಬಲ್ಲವರಿಂದ ಓದಿಸಿದೆವು. ಕಾಡಿನಲ್ಲಿ ದನ ಮೇಯಿಸಲು ಕಟ್ಟಿದ ಹಣದ ರಸೀದಿ ಅದು. ಮೇಲ್ಗಡೆ 1338 ಎಂದು ಬರೆದಿತ್ತು. ಮನೆಯವರು ಅದನ್ನು ರಸೀದಿ ನಂಬರ್ ಎಂದುಕೊಂಡಿದ್ದರು. ಅದು ಫಸಲಿ ವರ್ಷ, ಅಂದರೆ ನಿಜಾಮರ ಕಾಲದ ಕಂದಾಯ ಲೆಕ್ಕದ ವರ್ಷ. ನಮ್ಮ ಲೆಕ್ಕದಲ್ಲಿ 1928-29.

ಆ ಕುಟುಂಬಕ್ಕೆ ಈ ಒಂದು ಅಂಕಿ ಎಷ್ಟು ಮುಖ್ಯ ಗೊತ್ತಾ? ಕೊಂಚಾವರಂ ಕಾಡಿನ ಸುತ್ತಲಿನ ಪ್ರದೇಶ 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವಾಯಿತು. ಕಾಡಿನೊಳಗೆ ಲಂಬಾಣಿ ತಾಂಡಾಗಳಿವೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ, ಪರಿಶಿಷ್ಟ ಪಂಗಡದಲ್ಲಿ ಅಲ್ಲ. ಹಾಗಾಗಿ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅವರು 'ಇತರ ಪಾರಂಪರಿಕ ಅರಣ್ಯವಾಸಿ'ಗಳು. 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಎಂದು ತೋರಿಸಬೇಕು. ಹಿಂದಕ್ಕೆ ಎಣಿಸಿದರೆ 1930ರ ಡಿಸೆಂಬರ್, ಫಸಲಿಯಲ್ಲಿ 1340. ಚೀಲದಲ್ಲಿದ್ದ ರಸೀದಿ 1338ರದ್ದು!

ಇಂಥ ಕಾಗದಗಳು ಮನೆಯಲ್ಲಿ ಸಿಗುವುದು ಅಪರೂಪ. ಜಾಸ್ತಿ ಇರುವುದು ಸರ್ಕಾರಿ ದಫ್ತರಗಳಲ್ಲಿ. ನಿಜಾಮರ ಸರ್ಕಾರ, ಬ್ರಿಟಿಷ್ ರೆಸಿಡೆನ್ಸಿ, ಆಮೇಲೆ ಹೈದರಾಬಾದ್ ರಾಜ್ಯ, ಮೈಸೂರು ರಾಜ್ಯ ನಮ್ಮ ಭಾಗದ ಬೇಡರು, ಗೊಂಡರು, ಲಂಬಾಣಿಗರು, ಪಾರ್ದಿಗಳು, ಕೊರವರು, ಕೋಲಿಗಳ ಬಗ್ಗೆ ಏನೇನು ನಿರ್ಧಾರ ಮಾಡಿದವು ಎಂಬುದು ಅಲ್ಲಿದೆ. ಹುಡುಕುವುದು ಹೇಗೆ ಎಂದು ನನಗೆ ಗೊತ್ತಿರುವಷ್ಟನ್ನು ಇಲ್ಲಿ ಹೇಳುತ್ತೇನೆ. ಪಟ್ಟಿಯಲ್ಲಿ ಯಾವ ಸಮುದಾಯ ಎಲ್ಲಿದೆ ಎಂಬ ಜಗಳ ಬೇರೆ. ದಾಖಲೆ ನೋಡುವ ಹಕ್ಕು ಎಲ್ಲರಿಗೂ ಇದೆ.

ಮೊದಲು ಮನೆ, ಆಮೇಲೆ ಕಚೇರಿ

ದಫ್ತರಕ್ಕೆ ಹೋಗುವ ಮುಂಚೆ ಮುತ್ಯಾ, ಆಯಿ ಇದ್ದರೆ ಅವರ ಹತ್ತಿರ ಕೂತುಕೊಳ್ಳಿ. ನಾಲ್ಕು ವಿಷಯ ಕೇಳಿ. ಊರಿನ ಹಳೇ ಹೆಸರೇನು? ಊರು ಯಾರ ಕೈಯಲ್ಲಿತ್ತು? ಮಾಲಿ ಪಾಟೀಲ, ಪಟವಾರಿ ಯಾವ ಮನೆತನದವರು? ಕಂದಾಯ ಕಟ್ಟಲು ಯಾವ ಊರಿಗೆ ಹೋಗುತ್ತಿದ್ದರು?

ಎರಡನೇ ಪ್ರಶ್ನೆಯನ್ನು ಮರೆಯಬೇಡಿ. ನಿಜಾಮರ ಕಾಲದಲ್ಲಿ ಎಲ್ಲ ಊರುಗಳೂ ನೇರವಾಗಿ ಸರ್ಕಾರದ ಕೈಯಲ್ಲಿ ಇರಲಿಲ್ಲ. ದಿವಾನಿ ಊರುಗಳು ಸರ್ಕಾರದವು. ಆಳಂದ, ಚಿಟಗುಪ್ಪ ಕಡೆ ಪೈಗಾ, ಅಂದರೆ ನಿಜಾಮರ ದೊಡ್ಡ ಸರದಾರ ಮನೆತನಗಳ, ಊರುಗಳಿದ್ದವು. ಕಲ್ಯಾಣಿ, ಅಂದರೆ ಈಗಿನ ಬಸವಕಲ್ಯಾಣ, ಜಾಗೀರು. 1949ರಲ್ಲಿ ಜಾಗೀರುಗಳು ರದ್ದಾಗುವ ತನಕ ಆ ಊರುಗಳ ಲೆಕ್ಕಪತ್ರ ಜಾಗೀರುದಾರರ ದಫ್ತರದಲ್ಲೇ ಇರುತ್ತಿತ್ತು. ನಿಮ್ಮದು ಪೈಗಾ ಊರಾಗಿದ್ದರೆ ದಿವಾನಿ ಕಡತ ಎಷ್ಟು ತಿರುವಿದರೂ ಹೆಸರು ಸಿಗುವುದಿಲ್ಲ. ಅದಕ್ಕೆ ಅಲ್ಲಿ ನಿಮ್ಮವರು ಇರಲೇ ಇಲ್ಲ ಅಂತ ಅರ್ಥವಲ್ಲ.

ಜಿಲ್ಲೆಯ ಗಡಿಯೂ ಬದಲಾಗಿದೆ. ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಯಲ್ಲಿ. ಅದಕ್ಕೂ ಹಿಂದಿನದು ಗುಲಬರ್ಗಾ ಜಿಲ್ಲೆಯ ಹೆಸರಿನಲ್ಲಿರುತ್ತದೆ. ಆದರೆ ಸುರಪುರ, ಶಹಾಪುರದವರು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕು. 1905ರವರೆಗೆ ಆ ಎರಡು ತಾಲ್ಲೂಕುಗಳು ಲಿಂಗಸುಗೂರು ಜಿಲ್ಲೆಯಲ್ಲಿದ್ದವು. ಆ ಜಿಲ್ಲೆಯನ್ನು ಒಡೆದಾಗ ಇವು ಗುಲಬರ್ಗಾಕ್ಕೆ ಬಂದವು. 1901ರ ಜನಗಣತಿಯಲ್ಲಿ ಸುರಪುರದ ಬೇಡರನ್ನು ಗುಲಬರ್ಗಾ ಜಿಲ್ಲೆಯ ಪುಟದಲ್ಲಿ ಹುಡುಕಿ "ಇಲ್ಲ" ಎಂದು ಪುಸ್ತಕ ಮುಚ್ಚಿದವರನ್ನು ನಾನು ನೋಡಿದ್ದೇನೆ. ಅವರು ನೋಡಬೇಕಿದ್ದದ್ದು ಲಿಂಗಸುಗೂರಿನ ಪುಟ.

1956ರ ನವೆಂಬರ್ 1ರಂದು ಇನ್ನೊಂದು ಸಲ ಗಡಿ ಸರಿಯಿತು. ಕೊಡಂಗಲ್, ತಾಂಡೂರು ಗುಲಬರ್ಗಾದಿಂದ ಆಂಧ್ರಕ್ಕೆ ಹೋದವು. ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು, ಉದಗೀರ, ನಿಲಂಗಾ, ಅಹಮದಪುರ ಆಗಿನ ಬೊಂಬಾಯಿ ರಾಜ್ಯಕ್ಕೆ. ಒಂದೇ ಬಳಗದ ಲಂಬಾಣಿ ಕುಟುಂಬಗಳು ಇವತ್ತು ಬೀದರಿನಲ್ಲಿ ಪರಿಶಿಷ್ಟ ಜಾತಿ, ಜಹೀರಾಬಾದಿನಲ್ಲಿ ಪರಿಶಿಷ್ಟ ಪಂಗಡ, ಉದಗೀರದಲ್ಲಿ ವಿಮುಕ್ತ ಜಾತಿ. ನೆಂಟಸ್ತಿಕೆಗೆ ಗಡಿಯಿಲ್ಲ, ಸರ್ಟಿಫಿಕೇಟಿಗೆ ಇದೆ. ನಿಮ್ಮ ಹಿರಿಯರು ಆ ಕಡೆಯಿಂದ ಬಂದವರಾದರೆ ಆ ಕಡೆಯ ತಾಲ್ಲೂಕು ಕಚೇರಿಯನ್ನೂ ನೋಡಬೇಕಾಗುತ್ತದೆ.

ವರ್ಷದ ಲೆಕ್ಕ ಸರಿ ಮಾಡಿಕೊಳ್ಳಿ

ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರ ಶುರುವಾಗುತ್ತಿತ್ತು. ಮೊದಲ ತಿಂಗಳು ಆಜುರ್. ಆಮೇಲೆ ದೈ, ಬಹಮನ್. ಈ ಮೂರು ತಿಂಗಳ ಕಾಗದಕ್ಕೆ ಫಸಲಿಗೆ 590 ಕೂಡಿಸಿ. ಉಳಿದ ಒಂಬತ್ತು ತಿಂಗಳಿಗೆ 591. ತಿಂಗಳು ಗೊತ್ತಿಲ್ಲದಿದ್ದರೆ ಎರಡು ವರ್ಷವನ್ನೂ ಬರೆದುಕೊಳ್ಳಿ. 1355 ಎಂದರೆ 1945-46.

ಆದರೆ ಎಲ್ಲ ಕಾಗದವೂ ಫಸಲಿಯದ್ದಲ್ಲ. ಹಿಜರಿ ವರ್ಷವೂ ಬರುತ್ತದೆ. 1338 ಫಸಲಿ ಆದರೆ 1928-29, ಹಿಜರಿ ಆದರೆ 1919-20. ಸುಮಾರು ಒಂಬತ್ತು ವರ್ಷದ ವ್ಯತ್ಯಾಸ. ಎಷ್ಟೋ ಸಲ ಅಂಕಿಯ ಪಕ್ಕ ಉರ್ದುವಿನ 'ಫೇ' ಅಕ್ಷರ ಇರುತ್ತದೆ, ಅದು ಫಸಲಿಯ ಗುರುತು. ಹಿಜರಿಗೆ 'ಹೇ'. ಓದಿಸುವಾಗ ಈ ಅಕ್ಷರ ಇದೆಯಾ ಎಂದು ಕೇಳಿಯೇ ಕೇಳಿ. ತಿಂಗಳ ಹೆಸರೂ ಸಹಾಯ ಮಾಡುತ್ತದೆ. ಖುರ್ದಾದ್, ತೀರ್, ಆಬಾನ್ ಎಂದಿದ್ದರೆ ಫಸಲಿ. ಮೊಹರಂ, ರಜಬ್, ಶಾಬಾನ್ ಎಂದಿದ್ದರೆ ಹಿಜರಿ.

ನಾನೇ ಇದರಲ್ಲಿ ಒಂದಿಡೀ ದಿನ ಕಳೆದುಕೊಂಡಿದ್ದೇನೆ. ಒಂದು ಕಚೇರಿಯಲ್ಲಿ '1946ರ ಕಡತ' ಎಂದು ಬರೆದುಕೊಟ್ಟೆ. ಇಲ್ಲ ಎಂದರು. ಮರುದಿನ ಅದನ್ನೇ '1355 ಮತ್ತು 1356 ಫಸಲಿ' ಎಂದು ತಿದ್ದಿ ಕೊಟ್ಟಾಗ ಎರಡು ಬಸ್ತಾ, ಅಂದರೆ ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟು, ಹೊರಗೆ ಬಂದವು. ಅವರು ಇಟ್ಟಿದ್ದ ರಿಜಿಸ್ಟರಿನಲ್ಲಿ ಇಂಗ್ಲಿಷ್ ವರ್ಷವೇ ಇರಲಿಲ್ಲ.

'ಬುಡಕಟ್ಟು' ಎಂಬ ಕಡತ ಹುಡುಕಬೇಡಿ

ಜಾಸ್ತಿ ಜನ ಎಡವುವುದು ಇಲ್ಲೇ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಿಜಾಮರ ಸರ್ಕಾರಕ್ಕೆ ಬುಡಕಟ್ಟು ನೀತಿ ಅಂತ ಒಂದು ಇತ್ತು. 1940ರಲ್ಲಿ ಆದಿಲಾಬಾದಿನ ಜೋಡೇಘಾಟ್‌ನಲ್ಲಿ ಕುಮುರಂ ಭೀಮ್ ಮತ್ತು ಅವರ ಜೊತೆಗಾರ ಗೊಂಡರು ಪೊಲೀಸರ ಗುಂಡಿಗೆ ಬಲಿಯಾದರು. ಆಮೇಲೆ ಸರ್ಕಾರ ಮಾನವಶಾಸ್ತ್ರಜ್ಞ ಕ್ರಿಸ್ಟೋಫ್ ಫಾನ್ ಫ್ಯೂರರ್ ಹೈಮೆಂಡಾರ್ಫ್ ಅವರಿಂದ ಅಲ್ಲಿ ಅಧ್ಯಯನ ಮಾಡಿಸಿತು. ಗೊಂಡ ಮಕ್ಕಳಿಗೆ ಶಾಲೆ, ಭೂಮಿಗೆ ಪಟ್ಟಾ ಬಂದವು. 1356 ಫಸಲಿಯಲ್ಲಿ ಬುಡಕಟ್ಟು ಪ್ರದೇಶಗಳ ಕಾನೂನು ಬಂತು, 1359ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಈ ಕಡತಗಳು ದಪ್ಪದಪ್ಪ ಇವೆ. ಆದರೆ ಅವುಗಳ ಗಮನವೆಲ್ಲ ಆದಿಲಾಬಾದ್, ವರಂಗಲ್ ಕಡೆ. ನಮ್ಮ ಮೂರು ಜಿಲ್ಲೆಗಳ ಮಂದಿ ಅವುಗಳಲ್ಲಿ ಕಾಣುವುದು ತೀರಾ ಕಡಿಮೆ.

ಹಾಗಾದರೆ ನಮ್ಮವರು ಎಲ್ಲಿದ್ದಾರೆ? ಅವರ ದಿನನಿತ್ಯದ ಬದುಕನ್ನು ಯಾವ ಇಲಾಖೆ ಮುಟ್ಟುತ್ತಿತ್ತೋ ಆ ಇಲಾಖೆಯ ಕಡತದಲ್ಲಿದ್ದಾರೆ. ಯಾರೋ ದನ ಮೇಯಿಸಿದರು, ಜಂಗಲಾತ್, ಅಂದರೆ ಅರಣ್ಯ ಇಲಾಖೆ, ಹಣ ವಸೂಲು ಮಾಡಿತು. ಯಾರೋ ಇಪ್ಪೆ ಹೂವಿನ ಸಾರಾಯಿ ಇಳಿಸಿದರು, ಆಬ್ಕಾರಿ ಕೇಸು ಹಾಕಿತು. ಯಾರೋ ಗೈರಾಣದಲ್ಲಿ ನಾಲ್ಕು ಕೂರಿಗೆ ಉತ್ತರು, ಮಾಲ್ ಇಲಾಖೆ, ಅಂದರೆ ಕಂದಾಯದವರು, ನೋಟೀಸು ಕೊಟ್ಟರು. ಯಾರೋ ಊರೂರು ತಿರುಗಿದರು, ಕೊತ್ವಾಲಿ, ಅಂದರೆ ಪೊಲೀಸ್, ಅವರ ಹೆಸರು ಬರೆದುಕೊಂಡಿತು. ನೀತಿ ಅನ್ನುವುದು ನಮ್ಮ ಕಡೆ ಹೀಗೆ ಚೂರುಚೂರಾಗಿ ಸಿಗುತ್ತದೆ. ಒಂದು ರಸೀದಿ, ಒಂದು ದಂಡ, ಒಂದು ಗಶ್ತಿ. ಗಶ್ತಿ ಎಂದರೆ ಸುತ್ತೋಲೆ. ಅದನ್ನು ಬಿಡಬೇಡಿ, ಏಕೆಂದರೆ ಮೇಲಿನವರು ಕೆಳಗಿನವರಿಗೆ 'ಇವರನ್ನು ಹೀಗೆ ನಡೆಸಿಕೊಳ್ಳಿ' ಎಂದು ಹೇಳುತ್ತಿದ್ದದ್ದು ಅದರಲ್ಲೇ.

ಕಾಡಿನ ವಿಷಯಕ್ಕೆ ಜರೀದಾ ನೋಡಿ. ಅದು ನಿಜಾಮರ ಸರ್ಕಾರದ ಗೆಜೆಟ್. ಯಾವ ಕಾಡನ್ನು ಯಾವಾಗ ಮೀಸಲು ಮಾಡಿದರು, ಗಡಿ ಎಲ್ಲಿಂದ ಎಲ್ಲಿಗೆ ಎಂಬುದು ಅದರಲ್ಲಿ ಬರುತ್ತದೆ. ಹೈದರಾಬಾದ್ ಅರಣ್ಯ ಕಾಯ್ದೆ 1355 ಫಸಲಿಯದ್ದು. ನಿಮ್ಮ ತಾಂಡಾ ಅಥವಾ ಹಟ್ಟಿ ಅದಕ್ಕೂ ಮುಂಚಿನ ಒಂದು ಕಾಗದದಲ್ಲಿ ಸಿಕ್ಕರೂ ಬಹಳ ಬೆಲೆ.

ಹೆಸರು ಹತ್ತು, ಮಂದಿ ಒಬ್ಬರೇ

ಬರೆದವರು ನಮ್ಮವರಲ್ಲ. ಹೈದರಾಬಾದಿನ ಮುನ್ಷಿ, ಇಂಗ್ಲಿಷ್ ಸಾಹೇಬ, ಮರಾಠಿ ಬಲ್ಲ ಗುಮಾಸ್ತ ಎಲ್ಲರೂ ತಮ್ಮ ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಬೇಡರು ಒಂದು ಕಡೆ ಬೇಡರ್, ಇನ್ನೊಂದು ಕಡೆ ಬೆರಡ್, ತೆಲುಗಿನ ಪ್ರಭಾವ ಇದ್ದಲ್ಲಿ ಬೋಯ. ಲಂಬಾಣಿಗರು ಲಂಬಾಡಾ, ಬಂಜಾರಾ, ಲಮಾಣಿ, ಸುಗಾಲಿ. ಕೊರವರು ಕೊರ್ವಾ, ಎರುಕಲ, ಕೈಕಾಡಿ. ಹರಣಶಿಕಾರಿಗಳು ಪಾರ್ದಿ, ಫಾಸೆ ಪಾರ್ದಿ, ಚಿಗರಿ ಬೇಟೆಗಾರ. ಕಬ್ಬಲಿಗರು ಕೋಲಿ, ಅಂಬಿಗ, ಬೆಸ್ತ, ಭೋಯಿ. ಊರಿಗೂ ಹಾಗೇ. ಸುರಪುರವನ್ನು ಶೋರಾಪುರ್, ಸೋರಾಪುರ್ ಎಂದೆಲ್ಲ ಬರೆದಿದ್ದಾರೆ. ಆನ್‌ಲೈನ್‌ನಲ್ಲಿ 'ಕಲಬುರಗಿ' ಎಂದು ಹಾಕಿದರೆ ಹಳೆಯದು ಏನೂ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ 'ಗುಲಬರ್ಗಾ' ಎಂದೇ ಹಾಕಬೇಕು.

ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇವನ್ನೆಲ್ಲ ಬರೆದಿಟ್ಟುಕೊಳ್ಳಿ. ಹೆಸರು ಒಂದೇ ಆದರೂ ಮಂದಿ ಬೇರೆ ಇರಬಹುದು ಎಂಬ ಎಚ್ಚರವೂ ಇರಲಿ. ಭೋಯಿ ಎಂದರೆ ಒಂದು ಕಡೆ ಮೀನು ಹಿಡಿಯುವವರು, ಇನ್ನೊಂದು ಕಡೆ ಪಲ್ಲಕ್ಕಿ ಹೊರುವವರು.

ಎಲ್ಲೆಲ್ಲಿ ನೋಡಬೇಕು

ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಿಂದಲೇ ಶುರು ಮಾಡಿ. ಖರ್ಚು ಕಡಿಮೆ, ಊರಿನ ಹೆಸರು ಹಿಡಿದು ಹುಡುಕಬಹುದು. ಅಲ್ಲಿ ಕೇಳಬೇಕಾದದ್ದು ಸೇತ್ವಾರ್ (ಹಳೇ ಸರ್ವೆಯ ಜಮೀನು ಪಟ್ಟಿ), 1954-55ರ ಖಾಸ್ರಾ ಪಹಣಿ, ಇನಾಂ ಊರಾದರೆ ಮುಂತಖಾಬ್ (ಇನಾಂ ಮಂಜೂರಾತಿ ಪತ್ರ). ಖಾಸ್ರಾ ಪಹಣಿಯಲ್ಲಿ ಪಟ್ಟೇದಾರ ಯಾರು, ನಿಜವಾಗಿ ಉಳುತ್ತಿದ್ದವರು ಯಾರು ಎಂದು ಬೇರೆಬೇರೆ ಕಾಲಂ ಇರುತ್ತದೆ. ಎಷ್ಟೋ ಬೇಡರ, ಲಂಬಾಣಿಗರ ಹೆಸರು ಎರಡನೇ ಕಾಲಂನಲ್ಲಿ ಮಾತ್ರ ಇದೆ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿಗೆ ಬಂದಿದೆ ಎಂದು ವಿಚಾರಿಸಿ.

ಊರಿನ ಹಳೇ ಶಾಲೆಯ ದಾಖಲಾತಿ ರಿಜಿಸ್ಟರ್ ಮರೆಯಬೇಡಿ. ಅಜ್ಜ ಎರಡು ತಿಂಗಳಷ್ಟೇ ಶಾಲೆಗೆ ಹೋಗಿದ್ದರೂ ಹೆಸರು ಇರುತ್ತದೆ, ಹೆಸರಿನ ಮುಂದೆ 'ಕೌಮ್' ಇರುತ್ತದೆ. ಕೌಮ್ ಎಂದರೆ ಸಮುದಾಯ.

ಕಲಬುರಗಿಯಲ್ಲೇ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಇದೆ. ಕೇಂದ್ರ ಕಚೇರಿ ಬೆಂಗಳೂರಿನ ವಿಧಾನಸೌಧದಲ್ಲಿ. 1956ರ ನಂತರದ ಕಡತಗಳಿಗೆ ಇವೆರಡೂ ಬೇಕು. ಪುಸ್ತಕಗಳಿಗೆ ಗುಲಬರ್ಗಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ. ಮೈಸೂರಿನಲ್ಲಿ ಬುಡಕಟ್ಟು ಸಂಶೋಧನಾ ಸಂಸ್ಥೆ ಇದೆ, ಸಮುದಾಯಗಳ ಮೇಲಿನ ಅಧ್ಯಯನ ವರದಿಗಳನ್ನು ಅಲ್ಲಿ ಕೇಳಬಹುದು.

ನಿಜಾಮರ ಕಾಲದ ಮುಖ್ಯ ಭಂಡಾರ ಮಾತ್ರ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲೇ. ಬೀದರಿನಿಂದ ಸುಮಾರು 140 ಕಿ.ಮೀ., ಬೆಳಗ್ಗೆ ಬಸ್ ಹತ್ತಿದರೆ ಕಚೇರಿ ವೇಳೆಗೆ ತಲುಪಬಹುದು. ಆದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ ಅಂದುಕೊಳ್ಳಬೇಡಿ. ಮೊದಲ ದಿನ ಸೂಚಿ ನೋಡಿ ಬೇಡಿಕೆ ಚೀಟಿ ಕೊಡುವುದರಲ್ಲೇ ಹೋಗುತ್ತದೆ. ಆಧಾರ್ ಜೊತೆಗೆ ಕಾಲೇಜಿನಿಂದಲೋ ಪಂಚಾಯಿತಿಯಿಂದಲೋ ಒಂದು ಪರಿಚಯ ಪತ್ರ ಇಟ್ಟುಕೊಳ್ಳಿ. ಹೊರಡುವ ಮುಂಚೆ ಫೋನ್ ಮಾಡಿ ರಜೆ, ನಕಲಿನ ನಿಯಮ ಕೇಳಿಕೊಳ್ಳಿ. ಜಿಲ್ಲೆಯ ಕಡತಗಳಲ್ಲಿ ಕಲೆಕ್ಟರ್ ಎಂದು ಇರುವುದಿಲ್ಲ, ಅವ್ವಲ್ ತಾಲೂಕ್ದಾರ್ ಎಂದಿರುತ್ತದೆ. ಅವರ ಮೇಲೆ ಗುಲಬರ್ಗಾ ಸುಬಾದ, ಅಂದರೆ ಕೆಲವು ಜಿಲ್ಲೆ ಸೇರಿದ ವಿಭಾಗದ, ಸುಬೇದಾರ್. ಸೂಚಿಯಲ್ಲಿ ಈ ಪದಗಳನ್ನೇ ಹುಡುಕಿ.

ಸುರಪುರದ ಕಥೆ ಬೇರೆ. ಬೇಡ ನಾಯಕರ ಆ ಸಂಸ್ಥಾನದ ಆಡಳಿತವನ್ನು 1841ರಿಂದ 1853ರವರೆಗೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನೋಡಿಕೊಂಡರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಸೋತಿತು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟರು. ಹೀಗಾಗಿ ಆ ಇಪ್ಪತ್ತು ವರ್ಷದ ಪತ್ರವ್ಯವಹಾರ ಇಂಗ್ಲಿಷಿನಲ್ಲಿದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವಿದೇಶಾಂಗ ಇಲಾಖೆ ಕಡತಗಳಲ್ಲಿ ಮತ್ತು ಹೈದರಾಬಾದ್ ರೆಸಿಡೆನ್ಸಿ ದಾಖಲೆಗಳಲ್ಲಿ ಹುಡುಕಿ. ದೆಹಲಿಗೆ ಹೋಗಲೇಬೇಕಿಲ್ಲ. 'ಅಭಿಲೇಖ ಪಟಲ' ಎಂಬ ಅವರ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ ಮೊಬೈಲಿನಲ್ಲೇ ಸೂಚಿ ನೋಡಬಹುದು, ಸ್ಕ್ಯಾನ್ ಆದ ಕಡತಗಳನ್ನು ಓದಬಹುದು.

ಮನೆಯಲ್ಲೇ ಕೂತು ನೋಡಬಹುದಾದ ಇನ್ನೊಂದು ಮೂಲ ಹೈದರಾಬಾದ್ ರಾಜ್ಯದ ಜನಗಣತಿ. 1901ರದ್ದು 22ನೇ ಸಂಪುಟ, 1911ರದ್ದು 19, 1921ರದ್ದು 21, 1931ರದ್ದು 23. ಮೊದಲ ಭಾಗ ವರದಿ, ಎರಡನೇ ಭಾಗ ಕೋಷ್ಟಕ. ಜಾತಿ-ಬುಡಕಟ್ಟಿನ ಲೆಕ್ಕ 1901ರಿಂದ 1921ರವರೆಗೆ 13ನೇ ಕೋಷ್ಟಕದಲ್ಲಿದೆ, 1931ರಲ್ಲಿ 17ನೆಯದರಲ್ಲಿ. ಇಂಟರ್ನೆಟ್ ಆರ್ಕೈವ್‌ನಲ್ಲೂ ಜನಗಣತಿ ಇಲಾಖೆಯ ಡಿಜಿಟಲ್ ಲೈಬ್ರರಿಯಲ್ಲೂ ಹುಡುಕಬಹುದು. 1920ರಲ್ಲಿ ಸೈಯದ್ ಸಿರಾಜುಲ್ ಹಸನ್ ನಿಜಾಮರ ರಾಜ್ಯದ ಜಾತಿ, ಬುಡಕಟ್ಟುಗಳ ಬಗ್ಗೆ ಬರೆದ ದೊಡ್ಡ ಪುಸ್ತಕವೂ ಸಿಗುತ್ತದೆ. ಓದಿ, ಆದರೆ ಅದು ಆ ಕಾಲದ ಅಧಿಕಾರಿಗಳ ಕಣ್ಣು ಎಂಬುದನ್ನು ನೆನಪಿಡಿ.

ಕೊಡುವುದಿಲ್ಲ ಎಂದರೆ

ಮೊದಲು ನೇರವಾಗಿ ಹೋಗಿ, ನಮಸ್ಕಾರ ಹೇಳಿ, ಏನು ಬೇಕು ಎಂದು ವಿವರಿಸಿ. ರೆಕಾರ್ಡ್ ಕೀಪರ್‌ಗಳಲ್ಲಿ ಎಷ್ಟೋ ಜನ ಒಳ್ಳೆಯವರು. ಬಸ್ತಾದ ಧೂಳಿನಲ್ಲಿ ದಿನಗಟ್ಟಲೆ ಕೆಲಸ ಮಾಡುವವರು. ಅವರ ನೆನಪಿನಲ್ಲಿ ಇರುವಷ್ಟು ರಿಜಿಸ್ಟರಿನಲ್ಲೂ ಇರುವುದಿಲ್ಲ.

ಅದು ನಡೆಯದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಹಾಗಾಗಿ ಕಥೆ ಬರೆಯಬೇಡಿ. ಹೀಗೆ ಬರೆದರೆ ಸಾಕು:

"ಚಿಂಚೋಳಿ ತಾಲ್ಲೂಕಿನ ಇಂಥ ಗ್ರಾಮಕ್ಕೆ ಸಂಬಂಧಿಸಿದ ಸೇತ್ವಾರ್ ಮತ್ತು 1954-55ನೇ ಸಾಲಿನ ಖಾಸ್ರಾ ಪಹಣಿಯ ದೃಢೀಕೃತ ನಕಲು ಕೊಡಿ. ಜೊತೆಗೆ 1335ರಿಂದ 1345 ಫಸಲಿವರೆಗಿನ, ಈ ಗ್ರಾಮದ ಹೆಸರಿರುವ ಕಡತಗಳನ್ನು ತಮ್ಮ ರೆಕಾರ್ಡ್ ಕೊಠಡಿಯಲ್ಲಿ ಖುದ್ದಾಗಿ ಪರಿಶೀಲಿಸಲು ದಿನಾಂಕ ನಿಗದಿ ಮಾಡಿ. ಈ ದಾಖಲೆ ತಮ್ಮಲ್ಲಿ ಇಲ್ಲದಿದ್ದರೆ ಕಲಂ 6(3)ರಂತೆ ಇರುವ ಕಚೇರಿಗೆ ಈ ಅರ್ಜಿ ವರ್ಗಾಯಿಸಿ."

'ಖುದ್ದಾಗಿ ಪರಿಶೀಲಿಸಲು' ಎಂಬ ಮಾತು ಬಿಡಬೇಡಿ. ಹೆಸರು ಹತ್ತು ರೀತಿ ಇರುವಾಗ ಗುಮಾಸ್ತರಿಗೆ ಸಿಗದ್ದು ನಿಮ್ಮ ಕಣ್ಣಿಗೆ ಸಿಗುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಸರಿಯಿಲ್ಲದಿದ್ದರೆ, ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ. 'ಇದು ಗೌಪ್ಯ' ಎಂದರೆ ಕಲಂ 8(3) ನೆನಪಿಸಿ. 20 ವರ್ಷಕ್ಕಿಂತ ಹಳೇ ವಿಷಯಕ್ಕೆ ಕೆಲವೇ ವಿನಾಯಿತಿ ಬಿಟ್ಟು ಉಳಿದ ನೆಪ ನಡೆಯುವುದಿಲ್ಲ.

ಒಂದು ಕಚೇರಿಯಲ್ಲಿ ನನಗೆ "ಎಲ್ಲ ಗೆದ್ದಲು ತಿಂದಿದೆ" ಎಂದರು. ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದೆ. ಮೂರು ವಾರದ ಮೇಲೆ ಕಡತ ಸಿಕ್ಕಿತು. ಬಾಯಿಮಾತಿನ ಉತ್ತರಕ್ಕೆ ಸುಮ್ನೆ ವಾಪಸ್ ಬರಬೇಡಿ, ಬರೆಸಿಕೊಳ್ಳಿ.

ಉರ್ದು ಕಾಗದ ಓದಿಸುವುದು

1880ರ ದಶಕದಿಂದ ಹೈದರಾಬಾದಿನ ಆಡಳಿತ ಭಾಷೆ ಉರ್ದು, ಅದಕ್ಕೂ ಮುಂಚೆ ಫಾರ್ಸಿ. ಕೈಬರಹ ಮುರಿಮುರಿಯಾದ ಶಿಕಸ್ತಾ. ಇವತ್ತು ಉರ್ದು ಪತ್ರಿಕೆ ಓದುವವರಿಗೂ ಅದು ಕಷ್ಟ. ನಮ್ಮ ಊರುಗಳಲ್ಲಿ ಹಳೇ ಉರ್ದು ಮಾಧ್ಯಮದಲ್ಲಿ ಓದಿದ, ಕಚೇರಿಯಲ್ಲಿ ಕೆಲಸ ಮಾಡಿದ ಚಾಚಾಗಳು ಇನ್ನೂ ಇದ್ದಾರೆ. ಅವರನ್ನು ಹುಡುಕಿ. ಬಹಳ ವರ್ಷ ಉಳಿದಿಲ್ಲ ಎಂಬ ಅವಸರ ನನಗಿದೆ. ನನಗೆ ಓದಿಕೊಡುತ್ತಿದ್ದವರು ಇಬ್ಬರು, ಅವರಲ್ಲಿ ಒಬ್ಬರು ಈಗಿಲ್ಲ. ದುಡ್ಡು ಕೊಟ್ಟರೆ ಮುಟ್ಟುತ್ತಿರಲಿಲ್ಲ. "ನಿಮ್ಮ ಹಿರೇರ ಕಾಗದ ಅದ, ನಾ ರೊಕ್ಕ ತಗೋಬೇಕಾ" ಅನ್ನುತ್ತಿದ್ದರು.

ನಾವೂ ಕೆಲವು ಪದ ಗುರುತಿಸಲು ಕಲಿತರೆ ಕೆಲಸ ಹಗುರ. ಮಿಸಲ್ ಎಂದರೆ ಕಡತ, ನಿಶಾನ್ ಅದರ ಸಂಖ್ಯೆ. ಮೌಜಾ ಎಂದರೆ ಊರು. ವಲ್ದ್ ಎಂದರೆ ಇಂಥವರ ಮಗ. ಸಾಕಿನ್ ಎಂದರೆ ಇಂಥ ಊರಿನ ನಿವಾಸಿ. 75 ವರ್ಷದ ವಾಸ ತೋರಿಸಬೇಕಾದವರಿಗೆ ಈ ಕೊನೆಯ ಪದ ಬಂಗಾರ. ಬಂಚರಾಯಿ ಎಂದರೆ ಮೇವಿನ ಜಾಗ. ಅಕ್ವಾಮ್ ಎಂದರೆ ಸಮುದಾಯಗಳು. ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿ ಎಡದಿಂದ ಬಲಕ್ಕೆ ಓದಬೇಕು. ಹಣದ ಮೊತ್ತ ಕೆಲವು ಕಡೆ ರಕಮ್ ಎಂಬ ಬೇರೆಯೇ ಗುರುತಿನಲ್ಲಿರುತ್ತದೆ, ಅದಕ್ಕೆ ಬಲ್ಲವರೇ ಬೇಕು.

ಓದಿಸುವಾಗ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿ. ಅರ್ಥ ಮಾತ್ರ ಸಾಲದು, ಉರ್ದು ಮಾತನ್ನು ಇದ್ದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಆಮೇಲೆ ಇನ್ನೊಬ್ಬರಿಗೆ ತೋರಿಸಲು ಬೇಕಾಗುತ್ತದೆ.

ನೋವಿನ ಕಡತಗಳು

ಕೆಲವು ರಿಜಿಸ್ಟರುಗಳ ಮೇಲೆ 'ಜರಾಯಂ ಪೇಷಾ' ಎಂದು ಇರುತ್ತದೆ. ಅಪರಾಧವೇ ಕಸುಬು ಎಂದು ಅರ್ಥ. ಬ್ರಿಟಿಷರು 1871ರಲ್ಲಿ 'ಅಪರಾಧಿ ಬುಡಕಟ್ಟು' ಕಾಯ್ದೆ ತಂದರು, 1911 ಮತ್ತು 1924ರಲ್ಲಿ ಅದನ್ನು ಹಿಗ್ಗಿಸಿದರು. ಹೈದರಾಬಾದ್ ಸಂಸ್ಥಾನವೂ ಇಂಥದ್ದೇ ಕಾನೂನು ಮಾಡಿಕೊಂಡಿತ್ತು. ಹುಟ್ಟಿದ ಮಗುವಿಗೂ ಕಳ್ಳನ ಹಣೆಪಟ್ಟಿ. ಬೆರಳಚ್ಚು, ಹಾಜರಾತಿ, ಊರು ಬಿಡಲು ಪರವಾನಗಿ. ಪಕ್ಕದ ಸೊಲ್ಲಾಪುರದಲ್ಲಿ ತಂತಿಬೇಲಿಯ ಸೆಟಲ್‌ಮೆಂಟ್ ಇತ್ತು. ಆಳಂದ, ಅಫಜಲಪುರ ಕಡೆಯ ಪಾರ್ದಿ, ಕೈಕಾಡಿ ಮನೆಗಳ ಹಿರಿಯರು ಸೊಲ್ಲಾಪುರದ ಹೆಸರು ಹೇಳಿದರೆ ಆ ದಾಖಲೆಗಳಿಗೆ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರವನ್ನು ಕೇಳಬೇಕು. 1952ರ ಆಗಸ್ಟ್ 31ರಂದು ಈ ಕಾಯ್ದೆ ರದ್ದಾಯಿತು. ಆ ದಿನವನ್ನು ವಿಮುಕ್ತ ದಿನ ಎಂದು ಆಚರಿಸುತ್ತಾರೆ. ಅದಕ್ಕೂ ಮುಂಚೆ ಅನಂತಶಯನಂ ಅಯ್ಯಂಗಾರ್ ಸಮಿತಿ ಕೊಟ್ಟ ವರದಿಯನ್ನು ಓದಿ.

ಈ ರಿಜಿಸ್ಟರುಗಳಲ್ಲಿ ಮನೆತನಗಳ ಹೆಸರಿವೆ. ಮೊಮ್ಮಕ್ಕಳು ಇವತ್ತೂ ಅದೇ ಊರಿನಲ್ಲಿದ್ದಾರೆ. ಪುಟದ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮೊದಲು ಆ ಮನೆಯವರಿಗೆ ಹೋಗಿ ತೋರಿಸಿ. ಬೇಡ ಎಂದರೆ ಬೇಡ. ಆ ಪುಟದಲ್ಲಿ 'ಚೋರ' ಎಂದು ಬರೆದದ್ದು ಆ ಮನುಷ್ಯನ ಬಗ್ಗೆ ಏನನ್ನೂ ಹೇಳುವುದಿಲ್ಲ. ಬರೆದ ಸರ್ಕಾರದ ಬಗ್ಗೆ ಹೇಳುತ್ತದೆ.

ಸ್ವಾತಂತ್ರ್ಯದ ನಂತರದ ಪಟ್ಟಿಗಳು

ಎಷ್ಟೋ ಓದುಗರು ದಾಖಲೆ ಹುಡುಕುವುದು ಪಂಗಡದ ಪಟ್ಟಿಯ ವಿಷಯಕ್ಕೇ, ಅಲ್ವಾ? ಅದಕ್ಕೆ ಈ ಸಾಲು ತಿಳಿದಿರಲಿ. 1950ರ ಆದೇಶದಲ್ಲಿ ಹೈದರಾಬಾದ್ ರಾಜ್ಯಕ್ಕೆ ಒಂಬತ್ತು ಪಂಗಡಗಳಿದ್ದವು. 1956ರಲ್ಲಿ ಗುಲಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳಿಗೆ ಉಳಿದದ್ದು ಐದು: ಭಿಲ್, ಚೆಂಚು, ಗೊಂಡ, ಕೋಯ, ತೋಟಿ. ಅಂದರೆ ಸುರಪುರದ ಬೇಡರು ಆಗ ಪಟ್ಟಿಯಲ್ಲಿ ಇರಲಿಲ್ಲ. 1976ರ ತಿದ್ದುಪಡಿ ಕಾಯ್ದೆ ಪ್ರದೇಶದ ಕಟ್ಟು ತೆಗೆದು, ಪಟ್ಟಿಯನ್ನು ಬಹುಮಟ್ಟಿಗೆ ಇಡೀ ರಾಜ್ಯಕ್ಕೆ ಒಂದು ಮಾಡಿತು. 1991ರಲ್ಲಿ ನಾಯಕಡ ಹೆಸರಿನ ಜೊತೆಗೆ ಬೇಡ, ಬೇಡರ್, ವಾಲ್ಮೀಕಿ ಸೇರಿದವು. 2020ರಲ್ಲಿ ಪರಿವಾರ, ತಳವಾರ. ಪ್ರತಿ ಬದಲಾವಣೆಯ ಹಿಂದೆ ವರದಿ, ಚರ್ಚೆ ಇದೆ. 1965ರ ಲೋಕೂರ್ ಸಮಿತಿ ವರದಿ, 1975ರ ಹಾವನೂರು ಆಯೋಗದ ವರದಿ, ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿರುವ ಲೋಕಸಭೆಯ ಚರ್ಚೆಗಳು ಮುಖ್ಯ.

ಒಂದು ಮಾತು ಬಿಚ್ಚಿ ಹೇಳುತ್ತೇನೆ. ನೂರು ವರ್ಷದ ಹಳೇ ಜನಗಣತಿಯಲ್ಲಿ 'ಇವರೂ ಅವರೂ ಒಂದೇ' ಎಂದು ಸಿಕ್ಕರೆ ನಾಳೆಯೇ ಸರ್ಟಿಫಿಕೇಟ್ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದಕ್ಕಾಗಿ ದುಡ್ಡು ಕೊಡಬೇಡಿ. ಮಹಾರಾಷ್ಟ್ರದ ಮಿಲಿಂದ್ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ: ಪಟ್ಟಿಯನ್ನು ಇದ್ದ ಹಾಗೇ ಓದಬೇಕು. ಹೆಸರು ಸೇರಿಸುವುದು, ತೆಗೆಯುವುದು ಸಂಸತ್ತಿಗೆ ಮಾತ್ರ ಸಾಧ್ಯ. ಬೀದರ್, ಕಲಬುರಗಿ, ಯಾದಗಿರಿಯ ಕುರುಬರು ಗೊಂಡ ಹೆಸರಿಗಾಗಿ, ಕೋಲಿ ಕಬ್ಬಲಿಗರು ಪಂಗಡದ ಪಟ್ಟಿಗಾಗಿ ಇಟ್ಟಿರುವ ಬೇಡಿಕೆ ಕೊನೆಗೆ ಹೋಗಬೇಕಾದದ್ದೂ ಅಲ್ಲಿಗೇ. ಹಳೇ ದಾಖಲೆ ಆ ಬೇಡಿಕೆಗೆ ಬಲ ಕೊಡಬಹುದು, ಸರ್ಟಿಫಿಕೇಟಿನ ಬದಲಿ ಆಗುವುದಿಲ್ಲ.

ಅರಣ್ಯ ಹಕ್ಕಿನ ವಿಷಯ ಹಾಗಲ್ಲ. ಅಲ್ಲಿ ಹಳೇ ಕಾಗದಕ್ಕೆ ನೇರ ಬೆಲೆ ಇದೆ. ನಿಯಮ 13ರಲ್ಲಿ ಗೆಜೆಟಿಯರ್, ಜನಗಣತಿ, ಸರ್ವೆ ದಾಖಲೆ, ನಕ್ಷೆ, ಅರಣ್ಯದ ಕಾರ್ಯಯೋಜನೆ, ಅರ್ಜಿದಾರರಲ್ಲದ ಹಿರಿಯರು ಬರೆಸಿದ ಹೇಳಿಕೆ ಎಲ್ಲವನ್ನೂ ಸಾಕ್ಷ್ಯ ಎಂದಿದೆ. ಒಂದಕ್ಕಿಂತ ಹೆಚ್ಚು ಬೇಕು. ಆ ತಾಂಡಾದ ಹಿರಿಯರು 1338ರ ರಸೀದಿಯ ಜೊತೆ ಬೇರೆ ಹಿರಿಯರ ಹೇಳಿಕೆಯನ್ನೂ, ಕಾಡಂಚಿನ ಹಳೇ ಬಾವಿ ಮತ್ತು ಲಂಬಾಣಿಗರ ಗುರು ಸೇವಾಲಾಲರ ಗುಡಿಯ ಫೋಟೊವನ್ನೂ ಸೇರಿಸಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಟ್ಟರು. ಕೊಟ್ಟದ್ದಕ್ಕೆ ಸ್ವೀಕೃತಿ ತಗೊಂಡರು. ನೀವೂ ತಗೊಳ್ಳಿ.

ಸಿಕ್ಕಮೇಲೆ

ಪ್ರತಿ ನಕಲಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆಯಿರಿ: ಯಾವ ಕಚೇರಿ, ಯಾವ ಇಲಾಖೆ, ಮಿಸಲ್ ನಿಶಾನ್ ಎಷ್ಟು, ಯಾವ ಫಸಲಿ, ಎಷ್ಟನೇ ಪುಟ, ನೀವು ನೋಡಿದ ದಿನ. ಇದಿಲ್ಲದಿದ್ದರೆ ಆರು ತಿಂಗಳ ಮೇಲೆ ನಿಮಗೇ ಅದು ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ, ಬೇರೆಯವರು ಹೇಗೆ ನಂಬಬೇಕು? ಕಾನೂನಿಗೆ ಬೇಕಾದರೆ ಜೆರಾಕ್ಸ್ ಸಾಲದು, ಸೀಲು ಸಹಿ ಇರುವ ದೃಢೀಕೃತ ನಕಲೇ ಬೇಕು.

ಮನೆಯ ಮೂಲ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಹಳೇ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪ್ ಹಚ್ಚಬೇಡಿ. ಮಡಿಕೆ ಬಿಚ್ಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಜಾಗದಲ್ಲಿಡಿ. ಎರಡೂ ಬದಿಯ ಫೋಟೊ ಮೂರು ಜನರ ಫೋನಿನಲ್ಲಿರಲಿ. ಒಂದು ನಕಲು ಊರಿನ ಶಾಲೆಗೋ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೋ ಕೊಡಿ.

ಒಂದು ಸಂಜೆ ಎಲ್ಲರನ್ನೂ ಕೂಡಿಸಿ ಕಾಗದವನ್ನು ಗಟ್ಟಿಯಾಗಿ ಓದಿ. ತಾಂಡಾದಲ್ಲಿ ನಾವು ಹಾಗೇ ಮಾಡಿದೆವು. ರಸೀದಿಯಲ್ಲಿ ಎಂಟು ದನ ಎಂದು ಬರೆದಿತ್ತು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಒಪ್ಪಲಿಲ್ಲ. ದನ ಹನ್ನೆರಡು ಇದ್ದವು, ನಾಲ್ಕನ್ನು ಜಂಗಲಾತಿನವರು ಹೊಡಕೊಂಡು ಹೋಗಿದ್ದರು ಎಂದರು. ಅತ್ತೆ ಹೇಳಿದ್ದ ಮಾತಂತೆ ಅದು. ಆ ಮಾತನ್ನೂ, ಹೇಳಿದವರು ಯಾರು, ಯಾವ ದಿನ ಎಂಬುದನ್ನೂ ಬರೆದು ರಸೀದಿಯ ನಕಲಿನ ಜೊತೆಗೇ ಪಿನ್ ಮಾಡಿ ಇಟ್ಟಿದ್ದೇವೆ.